ಸಾಹುಕಾರರು ಹೊಗಳಿದ ದಿನ

ಸಹನಾ, ಶರಣು,

ಮೊನ್ನೆ ನಿಮ್ಮ ಅವ್ವ ಹೊಸ ನೌಕರಿಗೆ ಅರ್ಜಿ ತುಂಬುತ್ತಿದ್ದಳು. ಕೊನೆಯಲ್ಲಿ ‘ರೆಫರೆನ್ಸ್’ ಎಂಬ ಜಾಗ ಬಂತು. ನಿನ್ನನ್ನು ಬಲ್ಲ ಇಬ್ಬರ ಹೆಸರು, ಫೋನ್ ನಂಬರ್ ಕೊಡು, ನಾವು ಅವರನ್ನು ವಿಚಾರಿಸುತ್ತೇವೆ ಎಂದು ಅದರ ಅರ್ಥ. ಶರಣು ಥಟ್ಟನೆ, “ಮನಿ ಮಾಲಕರ ಹೆಸರ ಬರಿ ಅವ್ವಾ, ಅವ್ರ ದೊಡ್ಡ ಮನಷ್ಯಾರು, ಕಾರ್ ಐತಿ” ಎಂದ. ಎಲ್ಲರೂ ನಕ್ಕರು. ನಾನು ಎದ್ದು ಒಳಗೆ ಹೋದೆ. ಹೇಳಬೇಕಾದದ್ದು ಬಹಳ ಇತ್ತು, ಆದರೆ ನನಗೆ ಎದುರೆದುರು ಮಾತು ಬರುವುದಿಲ್ಲ. ಹೊಂಬಳದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರವೇ ನನ್ನ ನಾಲಿಗೆಗಿಂತ ಗಟ್ಟಿ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಿಮ್ಮ ಅಜ್ಜ ತೀರಿಕೊಂಡು ನಾಲ್ಕನೆಯ ವರ್ಷ. ನಾನು ಬೆಟಗೇರಿಯಲ್ಲಿ ಒಬ್ಬ ಸಾಹುಕಾರರ ಮನೆಯಲ್ಲಿ ಅಡುಗೆಗಿದ್ದೆ. ಹಿತ್ತಲಿನ ಖೋಲಿಯಲ್ಲಿ ನಾನು ಮತ್ತು ನಿಮ್ಮ ಅವ್ವ ಸುಮಾ ಇರುತ್ತಿದ್ದೆವು. ಅವಳು ಆರನೆಯ ಇಯತ್ತೆಯಲ್ಲಿದ್ದಳು. ಸಾಹುಕಾರರ ಹೆಂಡತಿ ಅವಳ ಪುಸ್ತಕದ ಚೀಲ ಕಂಡಾಗಲೆಲ್ಲ, “ಆರು ಮುಗದ್ರ ಸಾಕವಾ, ಮುಂದ ಭಾಂಡೆ ತಿಕ್ಕಾಕ ಬರ್ಲಿ. ಕಲಿತು ಕಲೆಕ್ಟರ್ ಆಗಾಕಿ ಏನ್?” ಎನ್ನುತ್ತಿದ್ದರು. ಮೊದಮೊದಲು ಅದು ಚೇಷ್ಟೆ ಎಂದುಕೊಂಡಿದ್ದೆ. ಪರೀಕ್ಷೆ ಹತ್ತಿರ ಬಂದಂತೆ, ಅವರು ಖರೇ ಹೇಳುತ್ತಿದ್ದಾರೆಂದು ತಿಳಿಯಿತು.

ಅದೇ ಹೊತ್ತಿಗೆ ಮುಂಡರಗಿ ದಾರಿಯಲ್ಲಿರುವ ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ಮುಖ್ಯ ಅಡುಗೆಯವಳು ಬೇಕಾಗಿದ್ದಾಳೆ ಎಂದು ಕೇಳಿದೆ. ಇರಲು ಒಂದು ಖೋಲಿ ಕೊಡುತ್ತಿದ್ದರು. ಅಡುಗೆಯವಳ ಮಗಳಿಗೆ ಹತ್ತನೆಯವರೆಗೆ ಅಲ್ಲೇ ಪುಕ್ಕಟೆ ಶಾಲೆ. ನನಗೆ ಬೇಕಾದದ್ದು ಅದೊಂದೇ. ಲಕ್ಕುಂಡಿಯಲ್ಲಿ ಬಳಗದವರಿಗೆ ಆರಾಮಿಲ್ಲ ಎಂದು ಮನೆಯಲ್ಲಿ ಹೇಳಿ, ಬಸ್ಸು ಹತ್ತಿ ಹೋದೆ.

ಶಾಲೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡಕ್ಕೋರು ಎನ್ನುತ್ತಿದ್ದರು. ನನ್ನಿಂದ ರೊಟ್ಟಿ ಮಾಡಿಸಿ, ಬದನೆಕಾಯಿ ಪಲ್ಲೆ ಮಾಡಿಸಿ ತಿಂದು ನೋಡಿದರು. ಮೆಚ್ಚಿದರು. ಆಮೇಲೆ, “ನಿನ್ನ ಬಲ್ಲವರು ಯಾರದಾರ? ಫೋನ್ ಇದ್ದವರ ಹೆಸರು ಹೇಳು” ಎಂದರು.

ನನಗೆ ಬಾಯಿಪಾಠ ಬರುತ್ತಿದ್ದ ನಂಬರ್ ಒಂದೇ, ಸಾಹುಕಾರರದು. ಅವರ ಹೆಸರಿಗೆ ಊರಲ್ಲಿ ತೂಕವಿತ್ತು. ಅವರನ್ನು ಕೇಳಿರಲಿಲ್ಲ, ಬಂದದ್ದನ್ನೂ ಹೇಳಿರಲಿಲ್ಲ. ಆದರೂ ಕೊಟ್ಟುಬಿಟ್ಟೆ. ದೊಡ್ಡಕ್ಕೋರು ಮಾತು ಹೊರಗೂ ಕೇಳುವಂತೆ ಫೋನಿನ ಗುಂಡಿ ಒತ್ತಿ ನಂಬರ್ ಹಚ್ಚಿದರು. ಬೈಗುಳ ಕೇಳಲು ನಾನು ಸೆರಗು ಹಿಡಿದುಕೊಂಡು ನಿಂತೆ.

ಬೈಗುಳ ಬರಲಿಲ್ಲ. ಸಾಹುಕಾರರು ಜೇನಿನಂಥ ದನಿಯಲ್ಲಿ, “ಗಿರಿಜವ್ವನಾ? ಬಂಗಾರದಂಥಾ ಹೆಣಮಗಳು ರೀ! ಎದುರು ಮಾತಿಲ್ಲ, ಒಂದು ದಿನ ಜಡ್ಡಿಲ್ಲ ಜಾಪತ್ತಿಲ್ಲ. ಇಂಥಾಕಿ ಹುಡುಕಿದ್ರೂ ಸಿಗೂದಿಲ್ಲ. ಇವತ್ತ ಇಟ್ಕೋರಿ. ಆಕಿ ಸಾಮಾನು ನಾನ ಗಾಡಿ ಮಾಡಿ ಕಳಸ್ತೀನಿ” ಎಂದರು.

ನನ್ನ ಕಣ್ಣು ತುಂಬಿ ಬಂತು. ದೊಡ್ಡಕ್ಕೋರು ಫೋನ್ ಇಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಇಷ್ಟು ಚೊಲೋ ಇದ್ದಾಕಿನ್ನ ಆತ ಯಾಕ ಬಿಡಾಕತ್ತಾನ?” ಎಂದರು. “ಗಾಡಿ ಬ್ಯಾರೆ ಮಾಡಿ ಕಳಸ್ತಾನಂತ! ನಮ್ಮಪ್ಪ ಸಂತ್ಯಾಗ ಎತ್ತು ಕೊಳ್ಳೂಮುಂದ, ಮಾರಾವ ಬಾಳ ಹೊಗಳಿದಾ ಅಂದ್ರ ಮದ್ಲ ಹಿಂಗಾಲು ನೋಡ್ತಿದ್ದ. ಏನ್ ಮಾಡಿಯವಾ ಅಲ್ಲಿ? ಕಳವೇನ?”

ಇಲ್ಲ ಎನ್ನಬೇಕಿತ್ತು. ಸುಮ್ಮನೆ ನಿಂತದ್ದೇ ಅವರಿಗೆ ಉತ್ತರವಾಯಿತು. “ಹೋಗ್ ಬಾ” ಎಂದರು. ಶಾಲೆಯ ಸಿಪಾಯಿ ಬಾಗಿಲು ತೋರಿಸಿದ.

ಬೆಟಗೇರಿಗೆ ಬಂದಾಗ ಸಾಹುಕಾರರು ಕಟ್ಟೆಯ ಮೇಲೆ ನೆಂಟರೊಡನೆ ಅಡಿಕೆ ಜಗಿಯುತ್ತ ಕುಳಿತಿದ್ದರು. ಹರೆಯದಲ್ಲಿ ದನದ ಸಂತೆಯ ದಲಾಲರಾಗಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸಿ ಮೇಲೆ ಬಂದ ಮನುಷ್ಯ.

“ಬಂದ್ಲು ನೋಡು ಲಕ್ಕುಂಡಿಯಾಕಿ! ಬಳಗದವರು ಆರಾಮದಾರೇನವಾ?” ಎಂದರು. ನೆಂಟರು ನಕ್ಕರು. “ನಾ ಬೈದಿದ್ರ, ಸಿಟ್ಟಿಲೆ ಬೈದಾನ ಅಂತ ನಿನ್ನ ಇಟ್ಕೊಂತಿದ್ರು. ಅದಕ್ಕ ಹೊಗಳಿದ್ನಿ. ಹೊಗಳಿ ಹೊಗಳೀನ ಎಂಥೆಂಥಾ ಎತ್ತು ಸಂತಿಯಿಂದ ಹೊಳ್ಳಿ ಮನಿಗೆ ಬರೂಹಂಗ ಮಾಡೀನಿ, ನೀ ಯಾವ ಲೆಕ್ಕ?”

ಅವರ ಹೆಂಡತಿ ಒಳಗಿನಿಂದಲೇ, “ಪರೀಕ್ಷೆ ಮುಗದ ಮರುದಿನ ಮಗಳ್ನ ಭಾಂಡೆಕ್ಕ ಹಚ್ಚು. ಕಳ್ಳತನಲೆ ಹೋಗಿದ್ದಕ್ಕ ದಂಡ ಅಂತ ತಿಳಿ” ಎಂದರು. ಸುಮಾ ಖೋಲಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಅಳಲಿಲ್ಲ. ಪುಸ್ತಕದ ಚೀಲ ತಂದು ನನ್ನ ಕೈಗೆ ಕೊಟ್ಟಳು, ಇನ್ನು ಇದು ಬೇಡವಲ್ಲ ಎನ್ನುವಂತೆ.

ಆ ಚೀಲ ಹಿಡಿದುಕೊಂಡಾಗ ನಾನು ಯಾರ ಹತ್ತಿರ ಹೋಗಲು ಅಂಜುತ್ತಿದ್ದೆನೋ ಅವಳ ನೆನಪಾಯಿತು. ಸಾಹುಕಾರರ ಮನೆಗೆ ಸೇರುವ ಮೊದಲು ಎರಡು ವರ್ಷ ಗದಗಿನಲ್ಲಿ ತಿಪ್ಪವ್ವನ ಖಾನಾವಳಿಯಲ್ಲಿ ರೊಟ್ಟಿ ಬಡಿದಿದ್ದೆ. ಅವಳ ನಾಲಿಗೆಗೆ ಹಮಾಲರೂ ಹೆದರುತ್ತಿದ್ದರು. ಕೊನೆಗೆ ನನ್ನನ್ನು ಅವಳೇ ಹೊರಗೆ ಹಾಕಿದ್ದಳು. ಮರುದಿನ ಮಧ್ಯಾಹ್ನ ಊಟದ ಗದ್ದಲದಲ್ಲೇ ಹೋಗಿ ನಿಂತೆ.

“ಏನ? ಜಲ್ದಿ ಹೇಳು, ನಿನ್ನ ಬಾಯಿ ತಗಿಯೂದ್ರಾಗ ನನ್ನ ಸಾರು ಸೀದು ಹೋಗತೈತಿ.”

“ನಿಮ್ಮ ಹೆಸರ ಕೊಡ್ಲೇನ್ರಿ? ನೌಕರಿಗೆ.”

“ಎಂಥಾ ನೌಕರಿ? ಎಲ್ಲಿ? ಎಷ್ಟು ಮಂದಿಗೆ ಅಡಗಿ?” ಎಂದು ಒಂದೊಂದನ್ನೇ ಕೇಳಿದಳು. ಸಾಹುಕಾರರು ಮಾಡಿದ್ದನ್ನೂ ಹೇಳಿದೆ. “ಕೊಡು. ಆದ್ರ ನಾ ಹೊಗಳಾಕಿ ಅಲ್ಲ. ಇದ್ದದ್ದ ಹೇಳಾಕಿ. ತಡಕೋತಿಯೇನ?” ಎಂದಳು. ಹೂಂ ಎಂದೆ.

ಶಾಲೆಯ ಫಲಕ ನೋಡಿ ಬರೆದುಕೊಂಡಿದ್ದ ನಂಬರಿಗೆ, ರೊಕ್ಕದ ಗಲ್ಲೆಯ ಮೇಲಿನ ಫೋನಿನಿಂದ ಹಚ್ಚಿಸಿ, “ಅಕ್ಕೋರ, ಇನ್ನೊಬ್ಬರನ್ನ ಕೇಳ್ರಿ” ಎಂದಷ್ಟೇ ಹೇಳಿದೆ. ತಿಪ್ಪವ್ವ ರಿಸೀವರ್ ಕಸಿದುಕೊಂಡಳು. ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು.

“ಹೂಂನ್ರಿ, ನನ್ನ ಕಡೆ ಇದ್ಲು. ನಾಕು ಮಂದಿ ಬಂದ್ರ ಒಲಿ ಹಿಂದ ಅಡಗತಾಳ. ಜೋರು ಮಾಡಿದ್ರ ಅಳ್ತಾಳ. ಗಂಡ ಸತ್ತಾಗಿಂದ ಅರ್ಧ ಕಿವುಡಿ ಆಗ್ಯಾಳ, ಎರಡ ಸಲ ಕೂಗಬೇಕು. ರೊಟ್ಟಿ ಚೊಲೋ ಬಡಿತಾಳ, ಆದ್ರ ಉಪ್ಪು ಹಾಕಾಕೂ ಭಿಡೆ, ಸಪ್ಪಗ ಮಾಡ್ತಾಳ.” ಮಂದಿ ನಗತೊಡಗಿದರು. ನಾನು ಕಂಬ ಹಿಡಿದು ನಿಂತಿದ್ದೆ. “ಕಳವೇನು? ಆಕಿಗೆ ಕದಿಯೂವಷ್ಟು ಧೈರ್ಯ ಎಲ್ಲಿಂದ ಬರಬೇಕ್ರಿ! ಆದ್ರ ಹಟಮಾರಿ. ನಿನ್ನಿ ಪಲ್ಲೆ ಇವತ್ತಿಂದ್ರಾಗ ಕೂಡಸು ಅಂದ್ರ ಒಲ್ಲೆ ಅಂತ ಕುಂತ್ಲು. ಮಂದಿ ಉಣ್ತಾರ್ರಿ ಅಂತ ನನಗ ಹೇಳ್ತಾಳ! ಸಂಜಿಗೇ ಹೊರಗ ಹಾಕಿದ್ನಿ.”

ನಗೆ ನಿಂತಿತು. ಒಬ್ಬ ಕಂಡಕ್ಟರ್ ತುತ್ತನ್ನು ತಾಟಿಗೆ ಹಾಕಿ, “ಹಂಗಾರ ಈಗ ನಾವು ಉಣ್ಣಾಕತ್ತಿದ್ದು ಯಾವತ್ತಿಂದವಾ ತಿಪ್ಪವ್ವ?” ಎಂದ.

ತಿಪ್ಪವ್ವ ಫೋನ್ ಇಟ್ಟಳು. “ಸೋಮವಾರ ಬಾ ಅಂದ್ರು ನಿನ್ನ ಅಕ್ಕೋರು” ಎಂದಳು. ಆಮೇಲೆ ಸುತ್ತ ನೋಡಿದಳು. ಒಬ್ಬೊಬ್ಬರಾಗಿ ಕೈ ತೊಳೆಯುತ್ತಿದ್ದರು. ನನ್ನನ್ನು ಬೈಯುವ ಭರದಲ್ಲಿ ತಾನು ಏನು ಹೇಳಿದೆ ಎಂದು ಅವಳಿಗೆ ಆಗ ತಿಳಿಯಿತು.

ಸೋಮವಾರ ಗಂಟು ಕಟ್ಟಿಕೊಂಡು ಹೊರಟಾಗ ಸಾಹುಕಾರರು, “ಮತ್ತ್ಯಾರರ ಫೋನ್ ಮಾಡಿದ್ರ ಈ ಸಲ ಖರೇನ ಬೈತೀನಿ” ಎಂದರು. ಸುಮಾ ತಿರುಗಿ ನೋಡಲಿಲ್ಲ. ಶಾಲೆಯಲ್ಲಿ ದೊಡ್ಡಕ್ಕೋರು ಒಂದೇ ಮಾತು ಆಡಿದರು: “ಹಳಸಿದ್ದು ಹುಡಿಗ್ಯಾರಿಗೆ ಹಾಕು ಅಂತ ನಾ ಹೇಳಿದ್ರೂ ಹಾಕಬ್ಯಾಡ.” ಆ ಒಲೆಯ ಮುಂದೆಯೇ ನಿವೃತ್ತಳಾದೆ. ನಿಮ್ಮ ಅವ್ವ ಅಲ್ಲೇ ಹತ್ತನೆಯದು ಪಾಸಾದಳು.

ಒಂದು ತಿಂಗಳ ಮೇಲೆ, ನೌಕರಿ ಗಟ್ಟಿಯಾಯಿತೆಂದು ತಿಳಿಸಲು ಗದಗಿಗೆ ಹೋದೆ. ಖಾನಾವಳಿಯಲ್ಲಿ ಮಧ್ಯಾಹ್ನದ ಹೊತ್ತಿಗೂ ಗಿರಾಕಿಗಳು ಕೂರುವ ಬಾಕುಗಳು ಖಾಲಿ ಇದ್ದವು. ತಿಪ್ಪವ್ವ ನೊಣ ಹೊಡೆಯುತ್ತಿದ್ದಳು. ನಾನು ಕೈ ಮುಗಿದೆ. ಅವಳು ಮುಖ ತಿರುಗಿಸಿ, “ನೌಕರಿ ಸಿಕ್ತಲ್ಲ, ಸಾಕು. ಇನ್ನ ಈ ಕಡೆ ಹಾಯಬ್ಯಾಡ. ನಿನ್ನ ಮಾರಿ ನೋಡಿದ್ರ ಹೋದ ಗಿರಾಕಿ ನೆನಪಾಗ್ತಾರ” ಎಂದಳು. ಮತ್ತೆ ಹೋಗಲಿಲ್ಲ.

ಮಕ್ಕಳೇ, ನಾಳೆ ನೀವೂ ನೌಕರಿ ಕೇಳುತ್ತೀರಿ. ಯಾರ ಹೆಸರು ಕೊಡುತ್ತೀರೋ ಅವರನ್ನು ಮೊದಲು ಕೇಳಿ. ಎಂಥ ಕೆಲಸ ಎಂದು ಅವರಿಗೆ ಬಿಡಿಸಿ ಹೇಳಿ. ಈಗಿನ ಧಣಿಯ ಹೆಸರನ್ನು ಅವನಿಗೆ ತಿಳಿಯದಂತೆ ಎಂದೂ ಕೊಡಬೇಡಿ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರನ್ನು ಆರಿಸಿ, ಅವರು ನಿಮ್ಮ ಕುಂದು ಹೇಳಿದರೆ ತಡೆದುಕೊಳ್ಳಿ. ಸಾಹುಕಾರರ ಹೊಗಳಿಕೆಗೆ ಅವರದೇನೂ ಖರ್ಚಾಗಲಿಲ್ಲ. ತಿಪ್ಪವ್ವನ ಬೈಗುಳಕ್ಕೆ ಅವಳ ಅನ್ನವೇ ಹೋಯಿತು. ಒಬ್ಬರ ಹೆಸರು ಬೇಡುವ ಮೊದಲು ಇದನ್ನು ಯೋಚಿಸಿ.

ಅವಳು ಈಗಿಲ್ಲ. ಅವಳ ಮಗ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನಿಗೆ ತಾಯಿಯ ಅಂಗಡಿ ಯಾಕೆ ಮುಳುಗಿತೆಂದು ಗೊತ್ತಿಲ್ಲ. ಈ ಹಾಳೆಗಳು ಅವನ ಕಣ್ಣಿಗೆ ಬೀಳದಂತೆ, ಆದರೆ ಹರಿದೂ ಹೋಗದಂತೆ, ನಿಮ್ಮ ಹತ್ತಿರ ಜೋಪಾನವಾಗಿ ಇಟ್ಟುಕೊಳ್ಳಿ.

ನಿಮ್ಮ ಆಯಿ