ಮುಖ ಕೆಳಗ ಮಾಡಿ ನಿಲ್ಲಿಸ್ರಿ

ಆ ಗಾಡಿಯನ್ನು ಆರಿಸಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ, ಯಾಕೆಂದರೆ ನಮ್ಮೂರು ರೊಳ್ಳದಲ್ಲಿ ಈ ಮಾತನ್ನು ನನಗಿಂತ ಮುಂಚೆ ಹೇಳಲು ಸಾಲುಗಟ್ಟಿ ನಿಂತವರಿದ್ದಾರೆ.

ಗಾಡಿ ಕೊಂಡವಳು ನಮ್ಮತ್ತೆ, ಅಪ್ಪನ ತಂಗಿ. ರೊಳ್ಳದ ಅಂಚಿನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾಳೆ. ಮಾವ ಗಾರೆ ಕೆಲಸಕ್ಕೆ ದೂರದೂರಿಗೆ ಹೋದವನು ಹಬ್ಬಕ್ಕೆ ಬಂದರೆ ಬಂದ. ಉಳಿದವರು ಅವಳು, ಅವಳ ಅತ್ತೆ, ಅಂದರೆ ನಾನು ಅಜ್ಜಿ ಎನ್ನುವ ಮುದುಕಿ, ಮತ್ತು ಡ್ರೈವಿಂಗ್ ಲೈಸೆನ್ಸು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲದ ನಾನು. ಇಲ್ಲ, ಇನ್ನೊಂದಿದೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೇ ಸಲ ಅದು ನನ್ನ ಬಾಯಿಂದ ಬರುತ್ತದೆ. ಇದರಿಂದ ಇದುವರೆಗೆ ಯಾರಿಗೂ ಉಪಕಾರವಾಗಿಲ್ಲ.

ಮೊದಲು ರೇಷ್ಮೆಗೂಡು ಸಾಗಿಸುತ್ತಿದ್ದದ್ದು ನಮ್ಮ ಬೀದಿಯವನೇ ಒಬ್ಬನ ಬಾಡಿಗೆ ಪಿಕಪ್ಪಿನಲ್ಲಿ. ಬೆಳಿಗ್ಗೆ ಫೋನು ಮಾಡಿದರೆ, "ಬಂದೆ ಕಣಕ್ಕ, ಅಮರಾಪುರ ಕ್ರಾಸಲ್ಲಿವ್ನಿ" ಅನ್ನುತ್ತಿದ್ದ. ಅವನ ಹಿಂದೆ ಅವನ ಮನೆಯ ಕೋಳಿ ಕೂಗುವುದು ಫೋನಿನಲ್ಲೂ ಕೇಳುತ್ತಿತ್ತು, ನಮ್ಮ ಹಿತ್ತಿಲಿಂದಲೂ ಕೇಳುತ್ತಿತ್ತು. ಕೋಳಿ ಸಮೇತ ಅದನ್ನು ನಾನು ಮಾಡಿ ತೋರಿಸಿದರೆ ಎಲ್ಲರೂ ನಗುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಒಂದು ಬೆಳೆಗೆ ಅವನು ಎಷ್ಟು ತಡಮಾಡಿದನೆಂದರೆ, ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಹರಾಜು ಮುಗಿದು ನೆಲ ಗುಡಿಸುತ್ತಿದ್ದರು. ಮರುದಿನದವರೆಗೆ ಮೂಟೆಯಲ್ಲೇ ಕೂತ ಗೂಡು ಬೆವೆತು ಮೆತ್ತಗಾಯಿತು. ತಿಂಗಳೊಪ್ಪತ್ತು ನಿದ್ದೆಗೆಟ್ಟು ಸೊಪ್ಪು ಹಾಕಿದವಳು ಅವಳು, ಬೆವೆತ ಗೂಡನ್ನು ಹಿಸುಕಿ ನೋಡಿ ಮುಖ ತಿರುಗಿಸಿಕೊಂಡವರು ಕೊಳ್ಳುವವರು. ವಾಪಸು ಬರುವಾಗ ಅತ್ತೆ ಒಂದೇ ಮಾತು ಹೇಳಿದಳು, ಇನ್ನೊಬ್ಬರ ಗಾಡಿಗೆ ಕಾಯುವುದು ಇದೇ ಕೊನೆ ಅಂತ.

ಹಾಗಾಗಿ ನಾನು ಡೀಸೆಲ್ ಪಿಕಪ್ ಪಂಡಿತನಾದೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಣ್ಣು ಕೆಂಪಾದವು. ಹಳೆ ಗಾಡಿ ಕೊಳ್ಳುವವನು ಬಣ್ಣ, ಟೇಪು, ಸೀಟಿನ ಹೂವು ನೋಡಬಾರದು, ತಣ್ಣಗಿರುವ ಎಂಜಿನ್ನು ಹೇಗೆ ಏಳುತ್ತದೆ ಅದನ್ನು ನೋಡಬೇಕು. ಮಾರುವವನು ನೀವು ಬರುವ ಮೊದಲೇ ಒಂದು ಸುತ್ತು ಓಡಿಸಿ ಬಿಸಿಮಾಡಿಟ್ಟಿರುತ್ತಾನೆ, ಆದ್ದರಿಂದ ಹೇಳದೆ ಕೇಳದೆ ಮುಂಜಾನೆ ಹೋಗಿ ಬಾನೆಟ್ಟಿನ ಮೇಲೆ ಕೈ ಇಡಬೇಕು. ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಒಬ್ಬರ ಹತ್ತಿರ ಗಾಡಿ ಇದೆ ಎಂದು ಗೊತ್ತಾದಾಗ ನಾನು ಅತ್ತೆಯನ್ನು ಹಿಂದಿನ ದಿನವೇ ಹೊರಡಿಸಿದೆ. ನೆಂಟರ ಮನೆಯಲ್ಲಿ ಮಲಗಿ, ಕಾಫಿಯನ್ನೂ ಕುಡಿಯದೆ, ಕೋಟೆಬೆಟ್ಟದ ಬುಡದ ಅವರ ಓಣಿಗೆ ಕಳ್ಳರ ಹಾಗೆ ಹೋದೆವು.

ಬಾನೆಟ್ಟು ಕಲ್ಲಿನ ಹಾಗೆ ತಣ್ಣಗಿತ್ತು. ಯಜಮಾನರು ಬನೀನಿನಲ್ಲೇ ಹೊರಗೆ ಬಂದು, ಬರ್ರಿ ಬರ್ರಿ ಅಂತ ಕುರ್ಚಿ ಹಾಕಿಸಿ, ಕೀಲಿ ನನ್ನ ಕೈಗೇ ಕೊಟ್ಟರು. ತಿರುಗಿಸಿದೆ. ಅರ್ಧ ಸುತ್ತಿಗೆ ಎದ್ದಿತು. ಆಯಿಲ್ ಮುಚ್ಚಳ ಬಿಚ್ಚಿ ನೋಡಿದೆ, ಹೊಗೆ ಉಗುಳಲಿಲ್ಲ. ಸೈಲೆನ್ಸರಿನ ಹಿಂದೆ ಕೂತೆ, ಬಿಳಿಯೂ ಇಲ್ಲ, ನೀಲಿಯೂ ಇಲ್ಲ. ಬೆಟ್ಟದ ಕಡೆಯ ಏರನ್ನು ಎರಡನೇ ಗೇರಿನಲ್ಲಿ ಉಸಿರೆಳೆಯದೆ ಹತ್ತಿತು. ಜೀನ್ಸ್ ಬಂಡಲು ಬಿಟ್ಟರೆ ಬೇರೆ ಭಾರವನ್ನೇ ಹೊತ್ತಿಲ್ಲವಂತೆ. ನಾನು ಅತ್ತೆಯ ಕಡೆ ನೋಡಿ ಕಣ್ಣು ಮಿಟುಕಿಸಿದೆ.

ಹೊರಡುವಾಗ ಯಜಮಾನರು ಗಾಡಿಯ ಬದಿ ತಟ್ಟಿ, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಹೇಳಿದರು: "ಒಂದು ರೂಢಿ ಐತ್ರಿ ಇದಕ್ಕ. ಸಂಜಿಮುಂದ ಮುಖ ಕೆಳಗ ಮಾಡಿ ನಿಲ್ಲಿಸ್ರಿ. ಎಳಿ ಕೂಸು ಇದ್ದಂಗ, ತಲಿ ಇಳಿಜಾರಿಗೆ ಇದ್ರ ಚಲೋ ನಿದ್ದಿ ಮಾಡ್ತೈತ್ರಿ."

ಕೂಸು, ನಿದ್ದಿ, ಆ 'ರಿ'ಗಳ ಸಾಲು. ನನಗೆ ಅದೇ ಸಾಕಾಯಿತು, ಅವರ ಮುಂದೆಯೇ ನಕ್ಕುಬಿಟ್ಟೆ. ಕಲ್ಯಾಣದುರ್ಗ ದಾಟುವುದರೊಳಗೆ ಅವರ ದನಿ ನನ್ನ ಗಂಟಲಲ್ಲಿ ಕೂತಿತ್ತು. ಮಡಕಶಿರಾದ ಟೀ ಅಂಗಡಿಯಲ್ಲಿ ಗಾಡಿ ನಿಲ್ಲಿಸಿ, ಅದರ ಬದಿ ತಟ್ಟುತ್ತ, ಬನೀನು ಎಳೆದುಕೊಳ್ಳುತ್ತ ಮೊದಲ ಪ್ರದರ್ಶನ ಕೊಟ್ಟೆ. ನಮ್ಮ ಕಡೆಯವರಿಗೆ ಆ ಸೀಮೆಯ ಮಾತೇ ಕಚಗುಳಿ. ಟೀ ಪುಕ್ಕಟೆ ಸಿಕ್ಕಿತು.

ರೊಳ್ಳದಲ್ಲಿ ಅಜ್ಜಿ ಆರತಿ ಎತ್ತಿ, ನಿಂಬೆಹಣ್ಣು ತುಳಿಸಿ, ತನ್ನ ಕಾನೂನು ಹೇಳಿದಳು. ಗಾಡಿ ಪೂರ್ವಕ್ಕೆ ಮುಖ ಮಾಡಿಯೇ ನಿಲ್ಲಬೇಕು. ಮುಳುಗುವ ದಿಕ್ಕಿಗೆ ಮುಖ ಮಾಡಿದ ಗಾಡಿ ಮನೆಯನ್ನೂ ಮುಳುಗಿಸುತ್ತದೆ. ಸರಿ, ಪೂರ್ವಕ್ಕೇ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ಅದು ಏಳಲಿಲ್ಲ.

ಕುಯ್ ಕುಯ್ ಕುಯ್ ಎಂದು ಅಳುತ್ತದೆ, ಹಿಡಿಯುವುದಿಲ್ಲ. ಬಿಟ್ಟು ಬಿಟ್ಟು ತಿರುಗಿಸಿ, ಬ್ಯಾಟರಿಯ ಜೀವ ಹೋಗುವ ಹೊತ್ತಿಗೆ ಒಂದು ಸಲ ಮುಕ್ಕಳಿಸಿ, ಬಿಳಿ ಹೊಗೆ ಕಾರಿ ಏಳುತ್ತದೆ. ಆಮೇಲೆ ಇಡೀ ದಿನ ಕುದುರೆ. ಎಷ್ಟು ಸಲ ನಿಲ್ಲಿಸಿ ತೆಗೆದರೂ ಅರ್ಧ ಸುತ್ತು. ಮತ್ತೆ ಮರುದಿನ ಬೆಳಿಗ್ಗೆ ಹೆಣ. ಎಷ್ಟೋ ದಿನ ಬೀದಿಯ ಗಂಡಸರೆಲ್ಲ ಸೇರಿ ಹಿಂದಕ್ಕೆ ತಳ್ಳಬೇಕಾಯಿತು, ನಾನು ರಿವರ್ಸ್ ಗೇರಿನಲ್ಲಿ ಹಿಡಿಸುತ್ತಿದ್ದೆ. ತಳ್ಳಿದವರು ಒಂದೊಂದು ಅಭಿಪ್ರಾಯವನ್ನೂ ಬಿಟ್ಟು ಹೋಗುತ್ತಿದ್ದರು. ಹೆಂಗಸು ಕೊಂಡ ಗಾಡಿ. ಕೋತಿ ಆರಿಸಿದ ಗಾಡಿ. ಬಾಡಿಗೆಯವನು ಮಾತ್ರ ತಳ್ಳುತ್ತಿರಲಿಲ್ಲ. ಬೇವಿನ ಕಡ್ಡಿ ಕಚ್ಚಿಕೊಂಡು ನಿಂತು, "ಏನೂ ಯೋಚ್ನೆ ಮಾಡ್ಬ್ಯಾಡ ಕಣಕ್ಕ, ನಾವಿಲ್ವಾ" ಅನ್ನುತ್ತಿದ್ದ.

ನಾಲ್ಕು ತಿಂಗಳು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಒಬ್ಬ ಮೆಕ್ಯಾನಿಕ್ಕು ಬ್ಯಾಟರಿ ಅಂದ, ಬದಲಾಯಿಸಿದೆವು. ಇನ್ನೊಬ್ಬ ಎಂಜಿನ್ನಿಗೆ ಬೆಳಿಗ್ಗೆ ಬಿಸಿ ಕೊಡುವ ಹೀಟರ್ ಪ್ಲಗ್ ಅಂದ, ನಾಲ್ಕನ್ನೂ ಹಾಕಿದ. ಮಡಕಶಿರಾದ ದೊಡ್ಡ ಶೆಡ್ಡಿನವನು ಡೀಸೆಲ್ ಪಂಪನ್ನೇ ಕಳಚಿ ವಾರಗಟ್ಟಲೆ ಇಟ್ಟುಕೊಂಡ. ಪ್ರತಿಯೊಬ್ಬನಿಗೂ ನಾನು ಗಾಡಿಯ ಅಳುವನ್ನು ಬಾಯಲ್ಲಿ ಮಾಡಿ ತೋರಿಸಿದೆ, ಮುಕ್ಕಳಿಸುವುದನ್ನೂ ಬಿಡಲಿಲ್ಲ. ಅವರು ಸಹಾಯಕರನ್ನೆಲ್ಲ ಕರೆದು ಇನ್ನೊಂದು ಸಲ ಮಾಡಿಸಿ ನಕ್ಕರು. ಬೆಳಿಗ್ಗೆ ಮನೆಗೆ ಬಂದು ನೋಡಪ್ಪ ಅಂದರೆ ಒಬ್ಬನೂ ಬರಲೊಲ್ಲ. ಗಾಡಿ ಇಲ್ಲಿಗೆ ತನ್ನಿ ಅನ್ನುತ್ತಾರೆ. ಅಲ್ಲಿಗೆ ತರಬೇಕಾದರೆ ಅದು ಎದ್ದಿರಬೇಕು, ಎದ್ದ ಮೇಲೆ ಅದಕ್ಕೆ ರೋಗವೇ ಇಲ್ಲ. ಜ್ವರ ಬಿಟ್ಟ ಮೇಲೆ ಮಗುವನ್ನು ತೋರಿಸಿದ ಹಾಗೆ. ಶೆಡ್ಡಿನವನು ಕೀಲಿ ತಿರುಗಿಸಿ, ಏಮೀ ಲೇದು ಅಂತ ಕೈ ಒರೆಸಿಕೊಂಡ. ಏನೂ ಇಲ್ಲವಂತೆ. ಹಾಗಾದರೆ ನಾವೇನು ದಿನಾ ಬೆಳಿಗ್ಗೆ ವ್ಯಾಯಾಮಕ್ಕೆ ತಳ್ಳುತ್ತಿದ್ದೆವಾ?

ಅವರೆಲ್ಲರಿಗಿಂತ ಹೆಚ್ಚು ಸಿಟ್ಟು ರಾಯದುರ್ಗದ ಯಜಮಾನರ ಮೇಲೆ. ಆ ಸಿಟ್ಟನ್ನು ನಾನು ತೀರಿಸಿಕೊಳ್ಳುತ್ತಿದ್ದ ರೀತಿ ಒಂದೇ. ಸಿಕ್ಕಸಿಕ್ಕಲ್ಲಿ ಅವರ ಅಣಕ. ಅಮರಾಪುರದ ಸಂತೆಯಲ್ಲಿ ಕುರಿ ಮಾರುವವರು ನನ್ನನ್ನು ಕಂಡರೆ, "ಆ ಮುಖ ಕೆಳಗ ಮಾಡು ಕಣ್ಲಾ" ಅಂತ ಕೇಳಿ ಮಾಡಿಸಿಕೊಳ್ಳುತ್ತಿದ್ದರು.

ಆ ನಡುವೆ ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಏರಿದವು. ಗೂಡು ಬಿಡಿಸುವ ದಿನ ಬಂತು. ಮರುದಿನ ಬೆಳಿಗ್ಗೆ ಮಾರುಕಟ್ಟೆ. ಗಾಡಿ ಬಂದ ಮೇಲೆ ಇದು ಮೊದಲ ದೊಡ್ಡ ಬೆಳೆ. ಬೆಳಿಗ್ಗೆ ಏಳದಿದ್ದರೆ ಮತ್ತೆ ಆ ಬೇವಿನ ಕಡ್ಡಿಯವನ ಮುಂದೆ ನಿಲ್ಲಬೇಕು. ಅತ್ತೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಧ್ಯಾಹ್ನ ಎರಡು ಸಲ ಹೊರಗೆ ಹೋಗಿ ಗಾಡಿಯನ್ನು ಸುಮ್ಮನೆ ನೋಡಿಕೊಂಡು ಬಂದಳು. ಅವಳನ್ನು ನಗಿಸೋಣ ಅಂತ ನಾನು, ಗೂಡು ಬಿಡಿಸಲು ಬಂದ ಹೆಂಗಸರ ನಡುವೆ ಎದ್ದು ನಿಂತು, ಚಂದ್ರಿಕೆಯ ಬದಿ ತಟ್ಟಿ ಶುರುಮಾಡಿದೆ.

ಹೆಂಗಸರು ನಕ್ಕರು. ಅತ್ತೆಯ ಕೈ ನಿಂತಿತು.

"ಇನ್ನೊಂದ್ಸಲ ಹೇಳು ಕಣ್ಲಾ."

ಖುಷಿಯಾಗಿ ಬನೀನು ಎಳೆದುಕೊಂಡೆ.

"ದನಿ ಬ್ಯಾಡ ಕಣೋ. ಮಾತು ಹೇಳು."

ನನ್ನ ದನಿಯಲ್ಲೇ ಹೇಳಿದೆ. ಮುಖ ಕೆಳಗೆ ಮಾಡಿ ನಿಲ್ಲಿಸಿ. ತಲೆ ಇಳಿಜಾರಿಗೆ ಇದ್ದರೆ ಚೆನ್ನಾಗಿ ಮಲಗುತ್ತದೆ. ಹೇಳಿ ಮುಗಿಸುವ ಮೊದಲೇ ನನ್ನ ಕಿವಿ ಬಿಸಿಯಾದವು. ನಮ್ಮ ಮನೆಯ ಮುಂದಿನ ನೆಲ ಪೂರ್ವಕ್ಕೆ ಏರು. ಅಜ್ಜಿಯ ಕಾನೂನಿನ ಪ್ರಕಾರ ನಾಲ್ಕು ತಿಂಗಳಿಂದ ಗಾಡಿ ಮೂತಿ ಮೇಲೆತ್ತಿ ನಿಂತಿತ್ತು. ರಾಯದುರ್ಗದ ಓಣಿಯಲ್ಲಿ ಅದು ನಿಂತಿದ್ದದ್ದು ಬೆಟ್ಟಕ್ಕೆ ಬೆನ್ನು ಮಾಡಿ, ಮೂತಿ ಕೆಳಗೆ ಹಾಕಿ. ಬಾನೆಟ್ಟಿನ ಮೇಲೆ ಕೈ ಇಟ್ಟ ಪಂಡಿತ, ಕಾಲ ಕೆಳಗಿನ ನೆಲ ನೋಡಿರಲಿಲ್ಲ.

ಸಂಜೆ ಅತ್ತೆ ಹೇಳಿದ ಹಾಗೆ ಗಾಡಿಯನ್ನು ಪಶ್ಚಿಮಕ್ಕೆ, ಇಳಿಜಾರಿನ ಕಡೆಗೆ, ತಿರುಗಿಸಿ ನಿಲ್ಲಿಸಿದೆ. ಅಜ್ಜಿ ಬಾಗಿಲಲ್ಲಿ ಕೂತು ಗಲಾಟೆ ತೆಗೆದಳು. ಅತ್ತೆ ಸಮಾಧಾನವಾಗಿ ಹೇಳಿದಳು: "ಒಂದಿನ ಕಣತ್ತೆ. ನಾಳೆ ಏಳಲಿಲ್ಲ ಅಂದ್ರೆ ಪೂರ್ವಕ್ಕೇ ನಿಲ್ಸಿ ಕೋಳಿಗೂಡು ಮಾಡ್ಕಳಣ."

ಬೆಳಿಗ್ಗೆ ಮೂಟೆ ಹೇರಿ, ಅತ್ತೆ ಮುಂದೆ ಹತ್ತಿ ಕೂತಳು. ತಳ್ಳಲು ನಾಲ್ಕು ಜನ ಅಭ್ಯಾಸಬಲದಿಂದ ಬಂದಿದ್ದರು. ಬೇವಿನ ಕಡ್ಡಿಯೂ ಬಂದಿತ್ತು. ಕೀಲಿ ತಿರುಗಿಸಿದೆ.

ಅರ್ಧ ಸುತ್ತು.

ನನಗೆ ಖುಷಿಯಾಗಬೇಕಿತ್ತು, ಬದಲಿಗೆ ಇಳಿದು ಆ ಗಾಡಿಗೆ ಒದೆಯಬೇಕು ಅನ್ನಿಸಿತು. ಹರಾಜಿಗೆ ಮುಂಚೆ ಮುಟ್ಟಿದೆವು. ಗೂಡು ಗರಿಗರಿಯಾಗಿ ಒಣಗಿತ್ತು, ಕೊಳ್ಳುವವರು ಮುಷ್ಟಿ ತುಂಬ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

ವಾಪಸು ಬರುತ್ತ ಮಡಕಶಿರಾದ ಅದೇ ದೊಡ್ಡ ಶೆಡ್ಡಿನ ಮುಂದೆ ನಿಲ್ಲಿಸಿದೆ. ಈ ಸಲ ಬಾಯಲ್ಲಿ ಸದ್ದು ಮಾಡಲಿಲ್ಲ. ಮೂತಿ ಮೇಲಿದ್ದರೆ ಏಳಲ್ಲ, ಕೆಳಗಿದ್ದರೆ ಏಳುತ್ತೆ ಅಂದೆ. ಅವನು ಗಾಡಿಯ ಕಡೆ ತಿರುಗಿಯೂ ನೋಡದೆ, "ಗಾಳಿ" ಅಂದ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ದಾರಿಯಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ಮೂತಿ ಮೇಲಿದ್ದರೆ ರಾತ್ರಿ ಡೀಸೆಲ್ಲೆಲ್ಲ ಹಿಂದಕ್ಕೆ ಜಾರಿ ಟ್ಯಾಂಕು ಸೇರುತ್ತದೆ, ಬೆಳಿಗ್ಗೆ ಎಂಜಿನ್ನು ಬರೀ ಗಾಳಿ ಕುಡಿಯುತ್ತದೆ. ಕೆಳಗೆ ನುಗ್ಗಿ, ಗೇಣುದ್ದದ ಒಂದು ರಬ್ಬರು ಪೈಪು ಕಿತ್ತು ತಂದು ಬಗ್ಗಿಸಿ ತೋರಿಸಿದ. ಕೂದಲೆಳೆಯಷ್ಟು ಸೀಳು. ನಾವು ಟೀ ಕುಡಿಯುವುದರೊಳಗೆ ಹೊಸದು ಹಾಕಿದ. ಇದನ್ನು ಮೊದಲೇ ಹೇಳಬೇಕಿತ್ತು ಅಂತ ನಮಗೇ ಬೈದ. ಪಂಪು ಬಿಚ್ಚುವ ಮೊದಲು ಗಾಡಿ ಎಲ್ಲಿ ಮಲಗುತ್ತದೆ ಅಂತ ಕೇಳಬೇಕಾದವನು ಯಾರು?

ಆ ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ರಾಯದುರ್ಗಕ್ಕೆ ಫೋನು ಮಾಡಿದೆ. ನಾಲ್ಕು ತಿಂಗಳ ಬೈಗುಳ ಸಾಲಾಗಿ ಜೋಡಿಸಿಟ್ಟಿದ್ದೆ. ಯಜಮಾನರು ಪೂರ್ತಿ ಕೇಳಿಸಿಕೊಂಡು, ಬೇಸರವೇನೂ ಇಲ್ಲದೆ ಹೇಳಿದರು: "ನಾ ಹೇಳಿದ್ನಲ್ರಿ. ನೀವು ನಗಾಕತ್ತಿದ್ರಿ."

"ರೂಢಿ ಅಂದ್ರಿ ನೀವು. ತೂತು ಅನ್ಲಿಲ್ಲ."

"ಹಂಗಂದಿದ್ರ ನೀವು ಒಯ್ತಿದ್ರೇನ್ರಿ?"

ಏನಂದ ಅಂತ ಅತ್ತೆ ಕೇಳಿದಳು. ಬಾಯಿ ತನ್ನಷ್ಟಕ್ಕೆ ಅವರ ದನಿಗೆ ತಿರುಗುತ್ತಿತ್ತು, ತಡೆದು ನನ್ನ ದನಿಯಲ್ಲೇ ಒಪ್ಪಿಸಿದೆ. ನಕ್ಕಿದ್ದೇನೂ ಸುಳ್ಳಲ್ಲ ಅಂದಳು ಅತ್ತೆ. ಆದರೂ ಆವಯ್ಯ ಒಂದು ಗೇಣು ಪೈಪು ಹಾಕಿಸಿ ಮಾರಬಹುದಿತ್ತು ಅಂದಳು. ನನ್ನದೂ ಅದೇ ತಕರಾರು, ಇವತ್ತಿಗೂ. ಗೊತ್ತಿದ್ದ ತೂತಿಗೆ ಕೂಸಿನ ಹೆಸರಿಟ್ಟು, ಅದರ ತಲೆ ಸವರಿ ಕೊಟ್ಟುಬಿಟ್ಟರೆ ಸತ್ಯ ಹೇಳಿದ ಹಾಗಾಗುತ್ತದಾ?

ಸಂಜೆ ಮನೆ ಮುಟ್ಟಿದಾಗ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. ಪೈಪು ಹೊಸದಾಗಿತ್ತಲ್ಲ, ಇನ್ನೇನು ಭಯ ಅಂತ ಅವಳ ಸಮಾಧಾನಕ್ಕೆ ಗಾಡಿಯನ್ನು ಪೂರ್ವಕ್ಕೆ ತಿರುಗಿಸಿ, ಮೂತಿ ಮೇಲೆ ಮಾಡಿ ನಿಲ್ಲಿಸಿದೆ. ಬೆಳಿಗ್ಗೆ ಅರ್ಧ ಸುತ್ತಿಗೆ ಎದ್ದಿತು.

ಅವತ್ತಿನಿಂದ ಅಜ್ಜಿ ನೀರಿಗೆ ಬಂದವರಿಗೆ, ಸೊಪ್ಪಿಗೆ ಬಂದವರಿಗೆ, ಬೇವಿನ ಕಡ್ಡಿಯವನಿಗೆ, ಎಲ್ಲರಿಗೂ ಒಂದೇ ಕಥೆ ಹೇಳುತ್ತಿದ್ದಾಳೆ. ಒಂದು ದಿನ ಪಶ್ಚಿಮಕ್ಕೆ ತಿರುಗಿಸಿದ ಮೇಲೆ ಪೂರ್ವದ ಬೆಲೆ ಗೊತ್ತಾಯಿತಂತೆ. ವಾಪಸು ಪೂರ್ವಕ್ಕೆ ನಿಲ್ಲಿಸಿದ ದಿನದಿಂದ ಗಾಡಿ ಒಂದು ದಿನವೂ ಕೈಕೊಟ್ಟಿಲ್ಲವಂತೆ. ಕೇಳಿದವರೆಲ್ಲ ಹೌದು ಹೌದು ಅಂತ ತಲೆಯಾಡಿಸುತ್ತಾರೆ. ನಾನು ಆ ಗೇಣುದ್ದದ ಪೈಪನ್ನು ಬಗ್ಗಿಸಿ ಸೀಳು ತೋರಿಸಲು ಹೋದರೆ, ಅದೇನೂ ಬೇಡ, ಆ ರಾಯದುರ್ಗದವನ ಹಾಗೆ ಒಂದ್ಸಲ ಮಾತಾಡು ಅನ್ನುತ್ತಾರೆ.