ಅಕ್ಕನ ತುರುಬು, ಲಲಿತಳ ಚೌರಿ

ಕಳೆದ ತಿಂಗಳು ಪುತ್ತೂರಿನಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಹೆಂಡತಿ ಲಲಿತ ಎಲೆಯ ಮೇಲೆ ಬಗ್ಗಿದ್ದೇ ತಡ, ತಲೆಯ ಮಲ್ಲಿಗೆ ಜಾರಿತು. ಮಲ್ಲಿಗೆಯ ಹಿಂದೆಯೇ ಚೌರಿಯೂ ಜಾರಿತು. (ಚೌರಿ ಎಂದರೆ ಗೊತ್ತಲ್ಲ? ತೆಳ್ಳಗಾದ ತಲೆಯ ಮಾನ ಕಾಯಲು ಕೂದಲಿಗೆ ಸೇರಿಸಿ ಕಟ್ಟುವ ಸುಳ್ಳು ಕೂದಲು.)

ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ ನನ್ನ ದೇವಕಿ ಅಕ್ಕ ಅದನ್ನು ಎಡಗೈಯಲ್ಲಿ ಎತ್ತಿ, ಸೆರಗಿನ ಮರೆಯಲ್ಲಿ ಲಲಿತಳ ಮಡಿಲಿಗೆ ಹಾಕಿ, ಏನೂ ಆಗದವರ ಹಾಗೆ ಪಲ್ಯ ಬಡಿಸುವವನನ್ನು ಕರೆದಳು. ಎದುರು ಸಾಲಿನಲ್ಲಿದ್ದ ನಾನು ನೋಡಿದೆ.

ನಾಲ್ಕು ಜನ ನಕ್ಕಿದ್ದರೂ ಲಲಿತ ತಡೆದುಕೊಳ್ಳುತ್ತಿದ್ದಳು. ಎತ್ತಿಕೊಟ್ಟದ್ದು ದೇವಕಿ ಅಕ್ಕ, ಅದು ತಡೆಯಲಾಗದ್ದು. ಅಕ್ಕ ಅವಳಿಗಿಂತ ಎಷ್ಟೋ ದೊಡ್ಡವಳು, ಮೊಮ್ಮಕ್ಕಳನ್ನು ಕಂಡವಳು. ತುರುಬು ಮಾತ್ರ ಸುಲಿದ ತೆಂಗಿನಕಾಯಿಯಷ್ಟು ಉಂಟು. ಬಿಚ್ಚಿದರೆ ಸೊಂಟ ದಾಟುತ್ತದೆ.

ಮನೆಗೆ ಬಂದ ಮೇಲೆ ಲಲಿತ ಶುರು ಮಾಡಿದಳು. ಅತ್ತಿಗೆ ಎಂತದೋ ಎಣ್ಣೆ ಹಚ್ಚುವುದಂತೆ. ಕೇಳಿದರೆ 'ಎಂತದೂ ಇಲ್ಲ, ಮನೆಯ ಎಣ್ಣೆ' ಎನ್ನುವುದಂತೆ. ಮನೆಯ ಎಣ್ಣೆ ತಾನೂ ಹಚ್ಚುತ್ತಿಲ್ಲವೇ? ದಾಸವಾಳದ ಎಲೆ ಹಿಚುಕಿ ಲೋಳೆಲೋಳೆ ಗೊಂಪು ಮಾಡಿ ತಲೆ ತಿಕ್ಕುತ್ತಿಲ್ಲವೇ? ಅತ್ತಿಗೆ ಏನನ್ನೋ ಅಡಗಿಸಿದ್ದಾಳೆ. ತಮ್ಮ ಕೇಳಿದರೆ ಹೇಳದೆ ಇರುತ್ತಾಳೆಯೇ?

ನನಗೂ ಹೊಟ್ಟೆಕಿಚ್ಚು ಇಲ್ಲದೆ ಇಲ್ಲ. ಒಂದೇ ತಾಯಿಯ ಮಕ್ಕಳು ನಾವು. ಅಮ್ಮನ ಕೂದಲು ಪೂರ್ತಿ ಅಕ್ಕನ ಪಾಲಿಗೆ ಹೋಯಿತು. ನನ್ನ ಪಾಲಿಗೆ ಅಪ್ಪನ ತಲೆ. ಪೇಟೆಯಲ್ಲಿ ನನ್ನನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಸೀಕ್ರೆಟ್ ಏನಾದರೂ ಇದ್ದರೆ ನನಗೂ ಬೇಕಿತ್ತು.

ಆದಿತ್ಯವಾರ ಹೊರಟೆ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ನೆಲ್ಯಾಡಿಯಲ್ಲಿ ಇಳಿದರೆ, ತಿರುವಾಂಕೂರಿನಿಂದ ಬಂದವರು ಗುಡ್ಡವಿಡೀ ಕಡಿದು ರಬ್ಬರು ಸಸಿ ನೆಟ್ಟಿದ್ದರು. ಅಲ್ಲಿಂದ ಇಚಿಲಂಪಾಡಿಗೆ ನಡಿಗೆ. ನೆರಳಿಲ್ಲದ ದಾರಿ, ನೆರಳಿಲ್ಲದ ತಲೆ!

ವಿಷಯ ಕೇಳಿ ಅಕ್ಕ ನಗಲಿಲ್ಲ. ನೇರ ಹಿತ್ತಲಿಗೆ ಕರಕೊಂಡು ಹೋದಳು. ನೀರು ಹರಿಯುವ ತೋಡಿನ ಬದಿಯಿಂದ ಗರುಗದ ಸೊಪ್ಪು ಕಿತ್ತಳು, ಒಂದೆಲಗ ಕಿತ್ತಳು, ದಾಸವಾಳದ ಎಲೆ ಸೇರಿಸಿದಳು. ನೆಲ್ಲಿಕಾಯಿಯ ಜೊತೆ ಎಲ್ಲವನ್ನೂ ಅರೆದು ರಸ ಹಿಂಡಿ, ತೆಂಗಿನೆಣ್ಣೆಗೆ ಹಾಕಿ ಒಲೆಯ ಮೇಲಿಟ್ಟಳು. ನೀರಿನ ಸದ್ದು ಅಡಗುವವರೆಗೆ ಸಣ್ಣ ಬೆಂಕಿ. ನನ್ನ ಕಣ್ಣೆದುರೇ ಮಾಡಿದಳು. ನಮ್ಮ ಕಡೆಯ ಯಾವ ಮನೆಯಲ್ಲಿ ಇದನ್ನು ಮಾಡುವುದಿಲ್ಲ, ಹೇಳಿ? ನನಗೆ ನಿರಾಸೆಯೇ ಆಯಿತು.

ಇನ್ನೇನಾದರೂ ಬಾಕಿ ಉಂಟಾ ಎಂದು ಕೇಳಿಯೇ ಬಿಟ್ಟೆ.

"ಇದೇ ಎಣ್ಣೆಯನ್ನು ನನ್ನ ಅತ್ತೆಯೂ ಸಾಯುವವರೆಗೆ ಹಚ್ಚಿದ್ದು. ಅವರ ತಲೆ ನೀನು ನೋಡಿದ್ದಿಯಲ್ಲ?" ಎಂದಳು.

ನೋಡಿದ್ದೆ. ಆ ತಲೆಯಲ್ಲಿ ಒಂದು ತುಂಬೆ ಹೂವೂ ನಿಲ್ಲುತ್ತಿರಲಿಲ್ಲ.

ಎಣ್ಣೆ ಆರಲು ಇಟ್ಟು ಅಕ್ಕ ನನ್ನ ಹತ್ತಿರ ಕೂತಳು. ಲಲಿತ ಕಳಿಸಿದ್ದಾ, ನೀನಾಗಿ ಬಂದದ್ದಾ ಎಂದು ಕೇಳಿದಳು. ಅವಳು ಹೇಳಿದ್ದು, ನಾನು ಬಂದದ್ದು ಎಂದೆ. ಭಾವ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಅಕ್ಕ ಆ ಕಡೆಗೊಮ್ಮೆ ನೋಡಿ ಸ್ವರ ತಗ್ಗಿಸಿದಳು.

"ನನಗೆ ಟೈಫಾಯ್ಡ್ ಆದ ವರ್ಷ ನೆನಪುಂಟಾ? ಕೂದಲೆಲ್ಲ ಉದುರಿತ್ತು. ಇವರಿಗೆ ಗೊತ್ತೇ ಆಗಲಿಲ್ಲ ಮಾರಾಯ. ಮತ್ತೆ ಹುಟ್ಟಿ ಬಂತು, ಅದೂ ಗೊತ್ತಾಗಲಿಲ್ಲ. ನೀನು ಅವಳ ಕೂದಲಿಗೆ ಬೇಕಾಗಿ ಈ ಬಿಸಿಲಲ್ಲಿ ಬಂದಿದ್ದಿ. ಲಲಿತನ ಮೇಲೆ ನನಗೆ ಹೊಟ್ಟೆಕಿಚ್ಚು ಇಲ್ಲ ಹೇಳಿದರೆ ಸುಳ್ಳಾದೀತು."

ನಾನು ಎದ್ದು ಜಗಲಿಗೆ ಬಂದೆ. ಭಾವ ನನ್ನೊಡನೆ ಮಳೆಯ ಬಗ್ಗೆ ಮಾತಾಡಿದರು, ನಾನೂ ಮಳೆಯ ಬಗ್ಗೆ ಮಾತಾಡಿದೆ. ಎಣ್ಣೆಯ ಬಾಟ್ಲಿ ಹಿಡಿದು ಸಂಜೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಕ್ಕನ ಮಾತೇ. ಕೇಳಿದರೆ ಲಲಿತ ಕರಗಿಹೋದಾಳು ಎಂದುಕೊಂಡೆ. (ಗಂಡಸರು ಬಸ್ಸಿನಲ್ಲಿ ಏನೇನೋ ಅಂದುಕೊಳ್ಳುತ್ತಾರೆ.)

ಲಲಿತ ಪೂರ್ತಿ ಕೇಳಿದಳು. ಬಾಟ್ಲಿಯ ಬಿರಡೆ ತೆಗೆದು ಮೂಸಿದಳು. ಬಿರಡೆ ಹಾಕಿ, "ಅಷ್ಟು ಕೂದಲು ಇದ್ದಿದ್ದರೆ ನೀವು ತಿರುಗಿ ನೋಡದಿದ್ದರೂ ನನಗೆ ಆಗುತ್ತಿತ್ತು" ಎಂದಳು.

ಅಂದಿನಿಂದ ಇಬ್ಬರೂ ಹಚ್ಚುತ್ತಿದ್ದೇವೆ. ತಲೆ ತಂಪಾಗಿದೆ, ನಿದ್ದೆ ಬರುತ್ತದೆ. ಕೂದಲು? ಅವಳ ಬಾಚಣಿಗೆಗೆ ಸಿಕ್ಕುವುದು ಸ್ವಲ್ಪ ಕಡಿಮೆಯಾಗಿದೆಯಂತೆ. ನನ್ನ ತಲೆಯ ಸುದ್ದಿ ಬೇಡ.

ಕಳೆದ ವಾರ ಅಕ್ಕ ನಮ್ಮಲ್ಲಿಗೆ ಬಂದಿದ್ದಳು. ಮಿಂದು ಬಂದು ಜಗಲಿಯಲ್ಲಿ ಕೂದಲು ಹರವಿ ಕೂತಳು. ಲಲಿತ ಹಿಂದೆ ಕೂತು, ತಾನೇ ಬಾಚುತ್ತೇನೆ ಎಂದಳು. ಇಷ್ಟು ವರ್ಷಗಳಲ್ಲಿ ಆ ಕೂದಲನ್ನು ಅವಳು ಮುಟ್ಟಿದ್ದು ಅದೇ ಮೊದಲು. ನಿಧಾನವಾಗಿ, ಒಂದೊಂದೇ ಎಳೆ ಬಿಡಿಸಿ ಬಾಚಿದಳು. ಅಕ್ಕ ಕಣ್ಣು ಮುಚ್ಚಿದ್ದಳು. ಅವಳ ತಲೆಯನ್ನು ಯಾರಾದರೂ ಬಾಚಿ ಎಷ್ಟು ಕಾಲವಾಗಿತ್ತೋ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಅತ್ತಿಗೆ," ಲಲಿತ ಮೆತ್ತಗೆ ಹೇಳಿದಳು, "ಒಳಗೊಳಗೆ ಬೆಳ್ಳಗಾಗಿ ಉಂಟು. ತುಂಬಾ ಉಂಟು."

ಆ ಸಂಜೆ ನಮ್ಮಲ್ಲಿ ಹೆಸರುಬೇಳೆ ಪಾಯಸ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಿಮ್ಮಲ್ಲಿ ಯಾವ ಗಂಡನಿಗೆ ಉಂಟು?