ದೊರೆ ನೆಟ್ಟ ನಿಂಬೆಮರ

ನಮ್ಮ ದೊಡ್ಡಪ್ಪನಿಗೆ ಗಿಡಮರಗಳ ಬಗ್ಗೆ ಏನೂ ಗೊತ್ತಿಲ್ಲ. ಇದು ಅವರ ತಪ್ಪಲ್ಲ, ಮನೆತನದ ಪದ್ಧತಿ. ತಲೆಮಾರುಗಳಿಂದ ಈ ಮನೆಯ ಗಂಡಸರು ಬೆತ್ತ ಚಾಚಿ ‘ಅಲ್ಲೊಂದು, ಇಲ್ಲೊಂದು’ ಎಂದು ತೋರಿಸುತ್ತಿದ್ದರು, ಆಳುಗಳು ನೆಡುತ್ತಿದ್ದರು. ಮರ ಬೆಳೆದ ಮೇಲೆ ‘ನಾವು ನೆಟ್ಟಿದ್ದು’ ಎಂದು ನೆಂಟರೆದುರು ಮೀಸೆ ತಿರುವುತ್ತಿದ್ದರು.

ಸೂರು ಸೋರತೊಡಗಿದಾಗ ದೊಡ್ಡಪ್ಪ ಮನೆ, ತೋಟ, ಕೊಳ ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿ ಕೈತೊಳೆದುಕೊಂಡರು. ಸರ್ಕಾರ ಅದನ್ನು ಸಸ್ಯೋದ್ಯಾನ ಮಾಡಿ ಅವರನ್ನೇ ಗೈಡ್ ಆಗಿ ಇಟ್ಟುಕೊಂಡಿತು. ಬೆತ್ತದಿಂದ ತೋರಿಸುವ ಕೆಲಸ, ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾನು ಅವರ ತಮ್ಮನ ಮಗಳು, ಗೇಟಿನಲ್ಲಿ ಟಿಕೆಟ್ ಹರಿಯುತ್ತೇನೆ. ತಮ್ಮ ಮನೆಗೆ ತಾವೇ ಕಾವಲು ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ, ಅವರಿಗೂ ಹೊತ್ತು ಹೋಗಬೇಕಲ್ಲ.

ಅಡುಗೆಮನೆಯ ಹಿಂದೆ ಬಚ್ಚಲ ನೀರು ಕುಡಿದು ಬೆಳೆದ ನಿಂಬೆಮರವೊಂದಿತ್ತು. ಒಂದು ಕಡೆಗೆ ವಾಲಿಕೊಂಡು, ಮೈತುಂಬ ಮುಳ್ಳು. ನೆಟ್ಟವರು ದೊಡ್ಡಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ. ಕೈ ಮಣ್ಣು ಮಾಡಿಕೊಂಡಿದ್ದಕ್ಕೆ ಅಜ್ಜನಿಂದ ಬೈಸಿಕೊಂಡಿದ್ದರಂತೆ. ಇಡೀ ತೋಟದಲ್ಲಿ ಮನೆಯವರೇ ನೆಟ್ಟ ಮರ ಅದೊಂದೇ. ಅದೆಂದರೆ ದೊಡ್ಡಪ್ಪನಿಗೆ ಪ್ರಾಣ.

ಹೊಸದಾಗಿ ಬಂದ ಡೈರೆಕ್ಟರು ಅದನ್ನು ಕಡಿಸಿ ಅಲ್ಲಿ ಶೌಚಾಲಯ ಕಟ್ಟಿಸಲು ಹೊರಟರು.

“ಸಾರ್, ಅದು ನಮ್ಮಮ್ಮ ನೆಟ್ಟಿದ್ದು” ಎಂದರು ದೊಡ್ಡಪ್ಪ.

“ನಿಂಬೆಹಣ್ಣು ಅಂಗಡೀಲೂ ಸಿಗುತ್ತೆ ಯಜಮಾನ್ರೇ. ಅಪರೂಪದ ಜಾತಿನಾ? ಅಲ್ಲ. ಚರಿತ್ರೆ ಗಿರಿತ್ರೆ ಏನಾದ್ರೂ ಇದೆಯಾ?”

ಅಮ್ಮ ಚರಿತ್ರೆಯ ಲೆಕ್ಕಕ್ಕೆ ಬರಲಿಲ್ಲ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಬಾಯಿಗೆ ಬಂದ ಸುಳ್ಳು ಹೇಳಿದರು. “ಹಿಂದೆ ಒಬ್ಬ ದೊರೆ ಇಲ್ಲಿ ತಂಗಿದ್ದನಂತೆ ಸಾರ್. ದಾರೀಲಿ ತಲೆಸುತ್ತಿ ವಾಂತಿ. ನಮ್ಮಜ್ಜ ನಿಂಬೆರಸ ಕುಡಿಸಿದ್ರಂತೆ. ಹುಷಾರಾದ ಖುಷಿಗೆ ದೊರೆ ಆ ಹಣ್ಣಿನ ಬೀಜಾನ ತನ್ನ ಕೈಯಾರೆ ಊರಿದನಂತೆ.”

ವಾಂತಿ ಮಾಡಿಕೊಂಡ ದೊರೆ ಡೈರೆಕ್ಟರಿಗೆ ಬಹಳ ಹಿಡಿಸಿದ. ಶೌಚಾಲಯ ಕೊಳದ ಕಡೆಗೆ ಹೋಯಿತು. ಮರಕ್ಕೆ ಕಬ್ಬಿಣದ ಬೇಲಿ ಬಂತು, ಕಲ್ಲಿನ ಫಲಕ ಬಂತು: ‘ದೊರೆ ನೆಟ್ಟ ಮರ’. ದೊಡ್ಡಪ್ಪ ದಿನವೂ ಅದರೆದುರು ನಿಂತು ಕತೆ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ದೊರೆಗೆ ಕುದುರೆ, ಟೋಪಿ, ಇಬ್ಬರು ಹೆಂಡಿರೂ ಬಂದರು. ಜನ ಫೋಟೊ ತೆಗೆಸಿಕೊಂಡರು. ನನಗೆ ಮೈ ಉರಿಯುತ್ತಿತ್ತು.

“ಅಜ್ಜಿ ಮರಾನ ಯಾವನಿಗೋ ಬರ್ದುಕೊಟ್ರಲ್ಲ ದೊಡ್ಡಪ್ಪ!” ಎಂದು ರೇಗಿದೆ.

“ಮರ ಉಳೀತಲ್ಲಮ್ಮ” ಎಂದರು.

ಮೊನ್ನೆ ವಯಸ್ಸಾದ ಹೆಂಗಸೊಬ್ಬರು ಫಲಕ ಓದಿ ನಕ್ಕುಬಿಟ್ಟರು. ಊಟದ ಹೊತ್ತು, ನಾನೂ ಅಲ್ಲಿದ್ದೆ. “ದೊರೆ ಯಾಕಪ್ಪಾ ಬಚ್ಚಲ ಹತ್ರ ಬರ್ತಾನೆ? ಈ ಮನೆ ಹೆಣ್ಣುಮಗಳು ಯಾರೋ ನೆಟ್ಟಿರಬೇಕು. ನೋಡಿದ್ರೆ ಗೊತ್ತಾಗಲ್ವಾ?”

ಗುಂಪೆಲ್ಲ ದೊಡ್ಡಪ್ಪನ ಮುಖ ನೋಡಿತು. ಡೈರೆಕ್ಟರು ಪಕ್ಕದಲ್ಲೇ ನಿಂತಿದ್ದರು.

“ಇಲ್ಲಮ್ಮ,” ಎಂದರು ದೊಡ್ಡಪ್ಪ, “ನಮ್ಮನೆ ಹೆಂಗಸರು ಯಾವತ್ತೂ ಮಣ್ಣು ಮುಟ್ಟಿದವರಲ್ಲ.”

ಹಾಗೆಂದವರು ಬೇಲಿ ಹಿಡಿದು ನಿಂತುಬಿಟ್ಟರು. ಗುಂಪನ್ನು ಮುಂದಿನ ಮರದ ಹತ್ತಿರ ನಾನೇ ಕರೆದುಕೊಂಡು ಹೋದೆ.